ಮೂರನೆಯ ಪಟ್ಟಿ

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು
ದೋಣಿಯವನೇ ಹೇಳಿದರೆ ಕೇಳಲೇಬೇಕು.
ಬಾಲ್ದೊಮೆರೊ ನಾಉತೊ ಹಾಗೆಂದು
ಬೂಟು ಬಿಚ್ಚಿ ಒಲೆಯ ಪಕ್ಕ ಒಣಗಲಿಟ್ಟು
ನನ್ನ ಪರದೆಯ ಸಾಲುಗಳನ್ನು
ಪೇಟೆಯ ತಕ್ಕಡಿ ನೋಡುವ ಹಾಗೆ, ಅನುಮಾನದಿಂದ, ನೋಡಿದ.

ಚಿಲೊಯೆಯ ಪೂರ್ವಕ್ಕೆ, ನಕ್ಷೆಯ ಮೇಲೆ ನೊಣ ಕೂತಂತೆ ನಮ್ಮ ದ್ವೀಪ.
ಒಂದು ಆರೋಗ್ಯ ಠಾಣೆ. ಒಬ್ಬಳು ಸೂಲಗಿತ್ತಿ ನರ್ಸು, ಓರ್ಫೆಲಿನಾ.
ಯಾರೋ ಕೊಟ್ಟುಹೋದ ಕಂಪ್ಯೂಟರು, ಅದರೊಳಗೆ ಲಿನಕ್ಸು,
ಗುರುವಾರ ಶಾಲೆ ಬಿಟ್ಟ ಮೇಲೆ ಅದರ ಧೂಳು ಊದುವ ನಾನು,
ಗಣಿತದ ಟೀಚರು.

ಹೊರಗೆ ಹೋಗಲು ಎರಡು ದಾರಿ.
ಕೊಲ್ಲಿಯಾಚೆಯ ಗೋಪುರದಿಂದ ನೀರ ಮೇಲೆ ಹಾರಿ ಬರುವ ರೇಡಿಯೊ ಕೊಂಡಿ,
ಧಾರಾಳಿ, ಆದರೆ ಮುನಿಸಿನವಳು.
ಮತ್ತೆ ಕಿಟಕಿಗೆ ಟೇಪು ಹಚ್ಚಿ ಕೂರಿಸಿದ ಸಿಮ್ ಕಾರ್ಡಿನ ಮೋಡೆಮ್ಮು;
ಅದು ಪ್ರತಿ ಮಾತಿಗೂ ಕಾಸು ಕೇಳುತ್ತದೆ.

ಮೊದಲ ವಾರ ಎರಡನ್ನೂ ಹಚ್ಚಿದೆ, ಎರಡೂ ಕೆಟ್ಟವು.
ಕಾಸ್ತ್ರೊ ಆಸ್ಪತ್ರೆಯ ಪ್ರಶ್ನೆ ರೇಡಿಯೊದಲ್ಲಿ ಬರುತ್ತಿತ್ತು;
ಉತ್ತರ ಮೋಡೆಮ್ಮಿನಿಂದ ಹೊರಟು ಹೋಗುತ್ತಿತ್ತು.
ಅಲ್ಲಿನವರು ಏನು ಮಾಡಿಯಾರು?
ಕರೆದದ್ದು ಒಬ್ಬರನ್ನು, ಓಗೊಟ್ಟದ್ದು ಇನ್ನೊಬ್ಬರು.
ಗುರುತಿಲ್ಲದ ದನಿಗೆ ಕದ ತೆರೆಯುವವರು ಯಾರು?

ಆಮೇಲೆ ತಿಳಿಯಿತು, ಒಂದೇ ಪಟ್ಟಿಯಲ್ಲಿ
ಎರಡು ಹೆಬ್ಬಾಗಿಲು ಬರೆದರೆ ಯಂತ್ರ ಒಂದಕ್ಕೇ ಜೋತು ಬೀಳುತ್ತದೆ.
ದಾರಿಗೊಂದು ಪಟ್ಟಿ ಬೇಕು, ಮೇಲೊಂದು ಕಟ್ಟಳೆ:
ಈ ವಿಳಾಸ ಹೊತ್ತವರು ಈ ಪಟ್ಟಿ ಓದಿ,
ಬಂದ ಬಾಗಿಲಲ್ಲೇ ತಿರುಗಿ ಹೋಗಿ.
ಸತ್ತವರ ಮನೆಗೆ ಹೋದಾಗ ಅಜ್ಜಿ ಹೇಳುತ್ತಿದ್ದದ್ದೂ ಇದನ್ನೇ.

ಆದರೂ ರೇಡಿಯೊ ಸಾಯುತ್ತಿತ್ತು,
ದಿನಕ್ಕೆ ಎರಡು ಸಲ, ಹೇಳದೆ ಕೇಳದೆ.
ಛಾವಣಿಯ ಪೆಟ್ಟಿಗೆಯನ್ನು ಕರೆದರೆ ಇದ್ದೇನೆ, ಇದ್ದೇನೆ ಅನ್ನುವುದು;
ಅದರಾಚೆ ಯಾರೂ ಇಲ್ಲ.
ಹೊಸ್ತಿಲಲ್ಲಿ ನಿಂತು ನಗುತ್ತಾಳೆ ಮನೆಯಾಕೆ, ಬೆನ್ನ ಹಿಂದೆ ಮನೆಯೇ ಇಲ್ಲ.
ಹತ್ತಿರದ ದನಿಯನ್ನು ನಂಬುವುದು ಬಿಟ್ಟೆ.
ದೂರದ ಊರಿನ ಕದ ತಟ್ಟಿ ನೋಡುವ ಸಣ್ಣ ಸ್ಕ್ರಿಪ್ಟು ಬರೆದೆ:
ಮೂರು ಸಲ ಮೌನ, ಆಮೇಲೆ ದಾರಿ ಬದಲಿಸು.

ಆ ಮೂರು ಎಣಿಸುವುದರೊಳಗೆ
ಓರ್ಫೆಲಿನಾ ಕಳಿಸುತ್ತಿದ್ದ ಸ್ಕ್ಯಾನು, ತಲೆ ಮೇಲಾಗಿ ಕುಳಿತ ಕೂಸು,
ಭುಜದವರೆಗೆ ಹೋಗಿ ನಿಂತಿತು.
ಆ ರಾತ್ರಿ ಚಿತ್ರದ ಬದಲು ತಾಯಿಯನ್ನೇ ಕಳಿಸಿದೆವು,
ಬಾಲ್ದೊಮೆರೊನ ದೋಣಿಯಲ್ಲಿ, ಮೂರು ಕಂಬಳಿ ಹೊದಿಸಿ.

ಕೊಂಡಿ ಕಡಿದ ಹೊತ್ತುಗಳನ್ನು
ಹಾಜರಿ ಪುಸ್ತಕದ ಹಿಂದೆ ಬರೆಯುತ್ತಾ ಹೋದೆ.
ದಿನಕ್ಕೆ ಐವತ್ತು ನಿಮಿಷ ತಡ, ಮರುದಿನ ಮತ್ತೆ ಐವತ್ತು.
ಒದ್ದೆ ಕಾಲುಚೀಲದಲ್ಲಿ ನಿಂತು ಇವನು ಓದಿದ.
'ಟೀಚರಮ್ಮ, ನನ್ನ ದೋಣಿಯ ಲೆಕ್ಕ ನಿಮಗೆ ಯಾರು ಕೊಟ್ಟರು?'

ಉಬ್ಬರ.
ಆರು ಮೀಟರು ಏರಿ ನಿಲ್ಲುವ ಕಡಲು.
ನೇರ ಬಂದ ಅಲೆಗೂ ನೀರಿಗೆ ಬಡಿದು ಬಂದ ಅಲೆಗೂ
ಅಲ್ಲಿ ಎಲ್ಲೋ ನಡುದಾರಿಯಲ್ಲಿ ಜಗಳ;
ಅಳಿಸಿಕೊಂಡು ಎರಡೂ ಇಲ್ಲ.

ಒಲೆಯ ಮೇಲೆ ಮೊಳೆ ಹೊಡೆದಿದ್ದ
ಮೀನೆಣ್ಣೆಯ ಕಲೆಯ ಉಬ್ಬರದ ಪಟ್ಟಿ ಕಿತ್ತು ತಂದ.
ಅವನು ಓದಿದ, ನಾನು ಬೆರಳಚ್ಚಿಸಿದೆ, ಇಡೀ ಮಾರ್ಚಿ, ಇಡೀ ಏಪ್ರಿಲ್ಲು.
ನೀರು ತುಂಬುವ ಅರ್ಧ ಗಂಟೆ ಮೊದಲು ಭಾರವೆಲ್ಲ ಮೋಡೆಮ್ಮಿಗೆ,
ಇಳಿದ ಮೇಲೆ ಮರಳಿ ರೇಡಿಯೊಗೆ.
ಕರ್ನಲ್ಲಿಗೆ ಚಂದ್ರ ಗೊತ್ತಿಲ್ಲ; ಹೇಳಿಕೊಡಬೇಕಾಯಿತು.

ಬಡಗಣ ಗಾಳಿ ಎದ್ದ ದಿನ ಕಡಲು ಪಟ್ಟಿ ಓದುವುದಿಲ್ಲ ಎಂದ ಬಾಲ್ದೊಮೆರೊ.
ಅದಕ್ಕೇ ಮೂರು ಸಲ ತಟ್ಟುವುದನ್ನು ಅಳಿಸಲಿಲ್ಲ.

ಇಂದು ನಾಲ್ಕು ಹನ್ನೆರಡಕ್ಕೆ ಉಬ್ಬರ.
ಮೂರೂ ನಲವತ್ತೆರಡಕ್ಕೆ ಕಿಟಕಿಯ ದೀಪ ಮಿಟುಕಿತು, ಅಷ್ಟೆ.
ಅರೆ ಒಣಗಿದ ಬೂಟಿಗೆ ಅವನು ಕಾಲು ತೂರಿಸುತ್ತಿದ್ದ.
ಪಕ್ಕದ ಕೋಣೆಯಲ್ಲಿ ಓರ್ಫೆಲಿನಾ ಯಾರಿಗೋ ಹೇಳುತ್ತಿದ್ದಳು,
ಉಸಿರು ಹಿಡಿ. ಇನ್ನೊಂಚೂರು.
ಹಾಂ, ಈಗ ಬಿಡು.